ಬೀರುವಿನೊಳಗಿನ ಭೂಪಟ ಮತ್ತು ನಮ್ಮ ಭಾವ

ನಮ್ಮ ಭಾವನನ್ನು ದಾರಿ ಕೇಳಿ ಹೊರಟವರಲ್ಲಿ ಅರ್ಧ ಜನ ಇನ್ನೂ ಊರು ಸೇರಿಲ್ಲ! ಇದು ನಾನು ಹುಟ್ಟಿಸಿದ ಸುಳ್ಳಲ್ಲ, ಮಧುಗಿರಿ ಬಸ್ ನಿಲ್ದಾಣದ ಹೋಟೆಲಿನವರು ಹೇಳುತ್ತಿದ್ದ ಮಾತು. ಸಿರಾ ಬಸ್ಸು ಎಲ್ಲಿ ನಿಲ್ಲುತ್ತೆ ಎಂದು ಕೇಳಿದರೆ ಲೋಕದ ಜನ ಬೆರಳು ತೋರಿಸುತ್ತಾರೆ. ಭಾವ ಮೊದಲು ಸೂರ್ಯ ಎಲ್ಲಿದ್ದಾನೆಂದು ನೋಡಿ, ಕೇಳಿದವನ ಭುಜ ಹಿಡಿದು ತಿರುಗಿಸಿ, "ಈಗ ನಿಮ್ಮ ಮುಖ ಉತ್ತರಕ್ಕಿದೆ" ಎಂದು ಶುರು ಮಾಡುತ್ತಿದ್ದರು. ಅವರು ಪಶ್ಚಿಮಕ್ಕೆ ಬರುವ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು.

ಭಾವ ಎಂದರೆ ನಮ್ಮಕ್ಕನ ಗಂಡ, ಮಧುಗಿರಿಯ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ಮದುವೆಯ ದಿನ ಪುರೋಹಿತರು ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಎಂದಾಗ ಈ ಮಹಾನುಭಾವ ಜುಬ್ಬದ ಜೇಬಿನಿಂದ ದಿಕ್ಸೂಚಿ ತೆಗೆದು, "ಇದು ಪೂರ್ವ ಅಲ್ಲ ಸ್ವಾಮೀ, ಆಗ್ನೇಯ" ಎಂದು ತಮ್ಮ ಮಣೆಯನ್ನು ತಾವೇ ತಿರುಗಿಸಿಕೊಂಡರು. ಅಕ್ಕ ಹಟಮಾರಿ, ಕದಲಲಿಲ್ಲ. ಫೋಟೋದಲ್ಲಿ ಗಂಡು ಪೂರ್ವಕ್ಕೂ ಹೆಣ್ಣು ಆಗ್ನೇಯಕ್ಕೂ ನೋಡುತ್ತಿದ್ದಾರೆ. ಮುಂದಿನ ಸಂಸಾರವೂ ಸುಮಾರಾಗಿ ಹಾಗೇ ನಡೆಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ಯಾರೋ ಅಧಿಕಾರಿಗಳು ಬಾಯಿಮಾತಿಗೆ, "ಸುತ್ತಲ ಪ್ರೈಮರಿ ಶಾಲೆಯ ಮೇಷ್ಟ್ರುಗಳಿಗೆ ಒಂದಿಷ್ಟು ಭೂಗೋಳ ಹೇಳಿಕೊಡಿ" ಎಂದಿದ್ದರು. ಭಾವ ಅದನ್ನು ನಿಜವೆಂದು ನಂಬಿಬಿಟ್ಟರು! ಶನಿವಾರ ಬಂದರೆ ಸಾಕು, ತಮ್ಮ ಖರ್ಚಿನಲ್ಲೇ ಮಾಡಿಸಿದ ಗ್ಲೋಬನ್ನು ಹೊತ್ತು ಸಿರಾ, ಕೊರಟಗೆರೆ, ಪಾವಗಡ ಎಂದು ಹೊರಡುವರು. ದಾರಿಯಲ್ಲಿ ಶಾಲೆ ಎಂಬ ಬೋರ್ಡು ಕಂಡರೆ ಮುಗಿಯಿತು, ಕರೆಯದಿದ್ದರೂ ಒಳಗೆ ನುಗ್ಗುವರು. ಮನೆಗೆ ಹೊರಟಿದ್ದ ಮೇಷ್ಟ್ರುಗಳು ಇವರನ್ನು ಕಂಡು ಹಿಂದಿನ ಬಾಗಿಲು ಹುಡುಕುತ್ತಿದ್ದರಂತೆ.

ಒಮ್ಮೆ ಪಾವಗಡದ ಕಡೆಯ ನಿಡುಗಲ್ಲಿಗೆ ಹೊರಟಾಗ ನಾನೂ ಜೊತೆಗಿದ್ದೆ. ಪಾವಗಡದ ಬಸ್ಸು ಕಿಕ್ಕಿರಿದಿತ್ತು. ಗ್ಲೋಬು ಮಾತ್ರ ಸೀಟಿನಲ್ಲಿ ಕೂತಿತ್ತು.

"ಏಂ ಸಾರೂ, ಈ ಗುಂಡುಕಿ ಟಿಕೆಟ್ ಎವರು ತೀಸ್ಕೊಂಟಾರು? ಸೀಟು ಹಿಡ್ಕಂಡೈತಲ್ಲ!" ಎಂದು ತೆಲುಗು ಬೆರೆಸಿ ಗ್ಲೋಬಿಗೂ ಟಿಕೆಟ್ ಕೇಳಿದ ಕಂಡಕ್ಟರ್.

"ಇದು ಭೂಮಿ ಕಣಯ್ಯ. ಇದರ ಮೇಲೆ ನೀನೂ ಇದ್ದೀಯ, ನಿನ್ನ ಬಸ್ಸೂ ಇದೆ."

"ಅಂಗಾದ್ರೆ ಜನಾನ ಅದೇ ಹೊತ್ಕಂಡೋಗ್ಲಿ ಬುಡಿ, ನಾನು ಇಲ್ಲೇ ಇಳ್ಕಂತೀನಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಭಾವನಿಗೆ ಬೇಸರವಾಗಲಿಲ್ಲ. ಬಸ್ಸು ಆಂಧ್ರದೊಳಗೆ ನುಗ್ಗಿ ಮತ್ತೆ ನಮ್ಮ ರಾಜ್ಯಕ್ಕೆ ಬರುವವರೆಗೂ, ನಮ್ಮ ಜಿಲ್ಲೆಯದೇ ಆದ ಪಾವಗಡ ಉಳಿದ ತಾಲ್ಲೂಕುಗಳಿಂದ ಹೇಗೆ ದೂರ ನಿಂತಿದೆ ಎಂದು ಕಂಡಕ್ಟರನಿಗೇ ಪಾಠ ಮಾಡಿದರು.

ಇಂಥ ಭಾವನಿದ್ದೂ ಭೂಪಟ ಕಂಡರೆ ನನಗೆ ಜ್ವರ ಬರುತ್ತಿತ್ತು. ಹೊಳವನಹಳ್ಳಿ ಹೋಬಳಿಯ ಒಂದು ಹಳ್ಳಿಶಾಲೆಯಲ್ಲಿ ಆಗತಾನೇ ಟೀಚರಮ್ಮನಾಗಿ ಕೆಲಸಕ್ಕೆ ಸೇರಿದ್ದೆ. ಇನ್ಸ್‌ಪೆಕ್ಟರು ಬಂದು ನನ್ನ ಪಾಠ ನೋಡಿ ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಮನೆಯಲ್ಲಿ ನಾನೂ ಅಮ್ಮನೂ ಉಣ್ಣುತ್ತಿದ್ದದ್ದು ಆ ಸಂಬಳದಲ್ಲೇ. ಇಷ್ಟರ ಮೇಲೆ ಹೆಡ್‌ಮಾಸ್ಟರು ನನಗೆ ಹಂಚಿದ ಪಾಠ ಯಾವುದು? 'ನಮ್ಮ ಜಿಲ್ಲೆ'!

ಭಾವ ಆ ಶನಿವಾರವೇ ನಮ್ಮ ಶಾಲೆಗೆ ದಾಳಿ ಇಟ್ಟರು. ಬಯಲಿನಲ್ಲಿ ಸುಣ್ಣದಿಂದ ಜಿಲ್ಲೆಯ ಗೆರೆ ಎಳೆದು, ಮೇಷ್ಟ್ರುಗಳನ್ನೇ ಊರುಗಳಾಗಿ ನಿಲ್ಲಿಸಿದರು. ಹೆಡ್‌ಮಾಸ್ಟರು ಪಾವಗಡ. ಎಲ್ಲರಿಂದ ದೂರ, ಉರಿಬಿಸಿಲಿನಲ್ಲಿ ಒಬ್ಬರೇ.

"ಸಾರ್, ನಾನು ಮಧುಗಿರಿಯಾಗ್ತೀನಿ. ಅಲ್ಲಿ ನೆಳ್ಳೈತೆ!"

"ಅದೆಂಗಾಗ್ತದೆ? ಮಧ್ಯೆ ಆಂಧ್ರ ಇದೆ, ದಾಟ್ಕಂಡು ಬರಬೇಕಾಗ್ತದೆ" ಎಂದರು ಭಾವ.

ನಾನು ಜಯಮಂಗಲಿ ನದಿ. ಕೊರಟಗೆರೆಯಾಗಿ ನಿಂತ ಡ್ರಿಲ್ ಮೇಷ್ಟ್ರ ಪಕ್ಕದಲ್ಲಿ ಸೆರಗು ಸಿಕ್ಕಿಸಿ ಹರಿಯಬೇಕು. "ನದಿ ನಗಬಾರದು ಕಣಮ್ಮ, ಉತ್ತರಕ್ಕೆ ತಿರುಗು!" ಎಂದು ಭಾವ ಕೂಗಿದ್ದು ಊರಿಗೆಲ್ಲ ಕೇಳಿಸಿತು. ಒಂದು ತಿಂಗಳು ನೀರು ಸೇದುವ ಹೆಂಗಸರು ನನ್ನನ್ನು ಹೊಳೆಯಮ್ಮ ಎಂದೇ ಕರೆದರು.

ಸಂಜೆ ನಾನು ಅತ್ತುಬಿಟ್ಟೆ. ಭೂಪಟ ಬರೆಯಲು ನನ್ನಿಂದಾಗದು ಎಂದೆ.

"ರಂಗೋಲಿ ಬರ್ತದಾ?" ಎಂದರು ಭಾವ.

"ಬರ್ತದೆ."

"ಹದಿನೈದು ಚುಕ್ಕಿದು?"

"ಬರ್ತದೆ."

"ಮತ್ಯಾಕಮ್ಮ ಅಳ್ತೀಯ? ಅಕ್ಷಾಂಶ ರೇಖಾಂಶ ಅಂದ್ರೆ ಚುಕ್ಕಿ ಇಡೋ ಸಾಲು ಕಣೇ!"

ನಮ್ಮ ಕಡೆಯ ಶಾಲೆಗಳ ಒಂದು ಪದ್ಧತಿ ಹೇಳಬೇಕು. ಭೂಪಟ ಬಂದ ದಿನವೇ ಬೀರು ಸೇರುತ್ತಿತ್ತು. ಹರಿದರೆ ಹೆಡ್‌ಮಾಸ್ಟರು ಜವಾಬು ಕೊಡಬೇಕಲ್ಲ! ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಜಗತ್ತಿಗೆ ಒಂದು ಗಂಟೆ ಬಿಡುಗಡೆ. ಆ ದಿನವೂ ಬಂತು. ಹೆಡ್‌ಮಾಸ್ಟರು ಮರದ ಬೀರುವಿನ ಬೀಗ ತೆಗೆದು, ರಾಜ್ಯದ ಭೂಪಟವನ್ನು ಹಿಂದಿನಿಂದ ಎತ್ತಿ ಹಿಡಿದು ಗಂಭೀರವಾಗಿ ಬಿಚ್ಚಿದರು. ಗೆದ್ದಲು ತಿಂದಿತ್ತು. ಬೀದರು, ಬಿಜಾಪುರ ನೆಟ್ಟಗಿದ್ದವು. ನಮ್ಮ ಜಿಲ್ಲೆ ಇರಬೇಕಾದ ಜಾಗದಲ್ಲಿ ಹೆಡ್‌ಮಾಸ್ಟರ ಮೂಗು ಕಾಣುತ್ತಿತ್ತು!

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಹೆಣ್ಣುಮಕ್ಕಳಿಗೆ ಸೀಮೆಸುಣ್ಣ ಪುಡಿ ಮಾಡಲು ಹೇಳಿ, ನೆಲದ ಮೇಲೆ ಕೂತು ಚುಕ್ಕಿ ಇಟ್ಟೆ. ಚುಕ್ಕಿ ಎಣಿಸುತ್ತಾ ಗೆರೆ ಎಳೆದೆ. ಸಿರಾ ಬಂತು, ಮಧುಗಿರಿ ಬಂತು, ಕೊರಟಗೆರೆ ಬಂತು. ಒಂದಿಷ್ಟು ಜಾಗ ಬಿಟ್ಟು ಮೇಲೆ ಪಾವಗಡವೂ ಬಂತು. ಇನ್ಸ್‌ಪೆಕ್ಟರು ಬಗ್ಗಿ ನೋಡಲು ಹೆಜ್ಜೆ ಮುಂದಿಟ್ಟರು.

"ಸಾ, ಸಾ! ಸಿರಾ ತುಳ್ದ್‌ಬುಟ್ರಿ!" ಎಂದು ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕಿರುಚಿದಳು.

ಅವರು ಬೆಚ್ಚಿ ಹಿಂದಕ್ಕೆ ಸರಿದರು, ಆಮೇಲೆ ಜೋರಾಗಿ ನಕ್ಕರು. ಮಕ್ಕಳನ್ನು ಒಂದೊಂದೇ ಊರು ಕೇಳುತ್ತಾ ಹೋದರು, ಮಕ್ಕಳು ಹೇಳುತ್ತಾ ಹೋದರು. ಕೊನೆಗೆ ನನ್ನ ಕೆಲಸ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದರು.

ಕೈ ತೊಳೆಯಲು ಹೊರಗೆ ಬಂದರೆ ಗೋಡೆಯಾಚೆ ಭಾವ ನಿಂತಿದ್ದಾರೆ! ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಭೂಪಟ, ಮುಖವೆಲ್ಲ ಬೆವರು.

"ಯಾವಾಗ ಬಂದ್ರಿ?"

"ಹತ್ತು ಗಂಟೆ ಬಸ್ಸಿಗೆ. ನಿಮ್ಮ ಬೀರು ನಂಗೊತ್ತಿಲ್ವಾ? ಅದಕ್ಕೇ ನಮ್ಮ ಸ್ಕೂಲಿನ ಮ್ಯಾಪ್ ತಂದೆ."

ನನಗೆ ಸಿಟ್ಟು ನೆತ್ತಿಗೇರಿತು. "ತಂದು ಇಲ್ಲಿ ನಿಂತಿದ್ದೀರಲ್ಲ ಭಾವ! ಒಳಗೆ ನನ್ನ ಜೀವ ಹೋಗ್ತಿತ್ತು. ಕೊಡಬಾರದಿತ್ತಾ?"

ಅವರು ನೆಲ ನೋಡಿದರು. "ಕೊಡೋಣ ಅಂತ ಕಿಟಕಿ ತನಕ ಬಂದೆ. ಆಗ್ಲೇ ನೀನು ಚುಕ್ಕಿ ಇಡ್ತಿದ್ದೆ. ನಾನು ಒಳಗೆ ಬಂದಿದ್ರೆ ಅದು ನನ್ನ ಪಾಠ ಆಗೋಗ್ತಿತ್ತು ಕಣಮ್ಮ."

ಜೀವಮಾನದಲ್ಲಿ ಯಾವ ಶಾಲೆಯ ಹೊರಗೂ ನಿಂತವರಲ್ಲ ಅವರು. ಅವತ್ತು ನನ್ನ ಪಾಠ ಮುಗಿಯುವವರೆಗೂ ನಿಂತಿದ್ದರು. ಸುಣ್ಣ ಮೆತ್ತಿದ ಕೈಯಲ್ಲೇ ಅವರ ಕೈ ಹಿಡಿದುಕೊಂಡು ಅತ್ತೆ.