ಎರಡು ಆಂಪ್ಲಿಫೈಯರಿಗೆ ಒಂದೇ ತಂತಿ

ಹೊಳಲ್ಕೆರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ವಿದ್ಯುಚ್ಛಕ್ತಿಯ ಪಾಠ ಮಾಡುತ್ತಿರುವ ವಿಜ್ಞಾನದ ಮೇಷ್ಟ್ರು ನಾನು. ಅಂಥವನಿಗೆ, ತನ್ನದೇ ಮನೆಯಂಗಳದಲ್ಲಿ, ತನ್ನದೇ ಕಾರಿಗೆ ವೈರು ಎಳೆಯುವುದು ಹೇಗೆಂದು ಅತ್ತೆಯಿಂದ ಹೇಳಿಸಿಕೊಳ್ಳುವ ಗತಿ ಬರಬಹುದೇ? ನೀವೇ ಹೇಳಿ.

ಇದಕ್ಕೆಲ್ಲ ಮೂಲ ನನ್ನ ಷಡ್ಡಕ, ಆದಿವಾಲದ ಮಾರುತೇಶ್. ಅವನ ಕಾರಿನ ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಇದೆ. ಅವನು ನಮ್ಮ ಬೀದಿಗೆ ತಿರುಗುವ ಮೊದಲೇ ಅಡುಗೆಮನೆಯ ಲೋಟಗಳು ಕುಣಿದು ಸ್ವಾಗತ ಕೋರುತ್ತವೆ. (ನನ್ನ ಹೆಂಡತಿಯೂ ಅಷ್ಟೇ. ನಾನು ಬಂದರೆ ಟಿವಿಯಿಂದ ಕಣ್ಣು ಕೀಳುವುದಿಲ್ಲ.) ಭಾನುವಾರ ಅವನ ಹೊಸ ಮನೆಯ ಗೃಹಪ್ರವೇಶ. ಎರಡು ಆಂಪ್ಲಿಫೈಯರ್ ಹೊತ್ತ ಕಾರಿನಲ್ಲಿ ಆದಿವಾಲಕ್ಕೆ ದಿಗ್ವಿಜಯ ಹೊರಡುವುದೆಂದು ಶಪಥಗೈದೆ. ಬಾಗಿಲಿನ ಸ್ಪೀಕರುಗಳಿಗೆ ಒಂದು, ಡಿಕ್ಕಿಯ ವೂಫರ್ ಪೆಟ್ಟಿಗೆಗೆ ಇನ್ನೊಂದು.

ಶನಿವಾರ ಬೆಳಿಗ್ಗೆ ಬ್ಯಾಟರಿಯಿಂದ ಮೊದಲನೆಯದಕ್ಕೆ ಒಂದು ತಂತಿ ಎಳೆದೆ. ಅಲ್ಲಿಂದಲೇ ಒಂದು ತುಂಡು ಸೇರಿಸಿ ಎರಡನೆಯದಕ್ಕೂ ಕೊಟ್ಟೆ. ಸುಲಭ!

“ರೀ, ನಮ್ಮ ಮಿಕ್ಸಿ ವೈರೇ ಇದಕ್ಕಿಂತ ದಪ್ಪ ಐತಲ್ಲ?” ಎಂದಳು ಹೆಂಡತಿ ಬೃಂದಾ.

“ಓಮನ ನಿಯಮ ಗೊತ್ತೇನೇ ನಿನಗೆ?”

“ನಿಮ್ಮ ನಿಯಮ ಗೊತ್ತು. ಕೇಳಿದ್ದಕ್ಕೆ ಉತ್ತರ ಕೊಡಂಗಿಲ್ಲ.”

ಶೋಭೆಗೆಂದು ಹೆಡ್‌ಲೈಟನ್ನೂ ಹಚ್ಚಿ ಹಾಡು ಹಾಕಿದೆ. ವೂಫರ್ ‘ಧಂ’ ಎಂದಾಗಲೆಲ್ಲ ಹೆಡ್‌ಲೈಟು ಕಣ್ಣು ಮಿಟುಕಿಸಿತು. ಗಾಯಕಿ ತೊದಲಿದಳು. ನಾಲ್ಕನೆಯ ‘ಧಂ’ಗೆ ಎರಡೂ ಆಂಪ್ಲಿಫೈಯರುಗಳು ಮೌನವ್ರತ ಹಿಡಿದವು, ಸೀಟಿನ ಕೆಳಗಿಂದ ಹೊಗೆ ಎದ್ದಿತು. ಓಡಿಹೋಗಿ ಬ್ಯಾಟರಿಯಿಂದ ತಂತಿ ಕಿತ್ತೆ. ಎರಡು ಬೆರಳು ಸುಟ್ಟವು.

ಆಗ ಎದ್ದು ಬಂದರು, ವಾರದಿಂದ ನಮ್ಮ ಮನೆಯಲ್ಲೇ ಇದ್ದ ಅತ್ತೆ ಉಚ್ಚಂಗೆಮ್ಮ. ಮಾಡದಕೆರೆಯ ತಮ್ಮ ಹೊಲಕ್ಕೆಲ್ಲ ಮುಂದೆ ನಿಂತು ಪೈಪ್‌ಲೈನ್ ಹಾಕಿಸಿದವರು.

“ಅಳಿಯಂದ್ರೇ, ಸಣ್ಣ ಪೈಪ್ನಾಗೆ ಮೊದ್ಲ ಹೊಲಕ್ಕೆ ನೀರು ತಂದು, ಅದರ ಬಾಲದಿಂದ ಎರಡ್ನೇ ಹೊಲಕ್ಕೆ ಬಿಟ್ರೆ ಹೋಗ್ತಾವೇನ್ರಿ? ಬೋರಿಂದ ದಪ್ಪ ಲೈನ್ ತರ್ರಿ. ಆಮೇಲೆ ಕವಲು ಒಡೀರಿ, ಒಂದೊಂದು ಹೊಲಕ್ಕೂ ಬೇರೆ ಬೇರೆ. ಬೋರಿನ ಬಾಯಾಗೇ ಒಂದು ವಾಲ್ವ್ ಇರ್ಲಿ. ದಾರೀಲಿ ಪೈಪ್ ಒಡೆದ್ರೆ ಹೊಲದಾಗಿನ ವಾಲ್ವ್ ತಿರುಗಿಸಿ ಏನುಪಯೋಗ?”

“ಅತ್ತೆ, ಇದು ಕರೆಂಟು. ನೀರಲ್ಲ!” ಎಂದು ಗುಡುಗಿದೆ.

ಮಧ್ಯಾಹ್ನ ಅವರು ಮಲಗಿದ ಮೇಲೆ ಪೇಟೆಗೆ ಓಡಿ ದಪ್ಪ ತಂತಿ ತಂದೆ. ಬ್ಯಾಟರಿಯ ಪಕ್ಕದಲ್ಲೇ ದೊಡ್ಡ ಫ್ಯೂಸು, ಡಿಕ್ಕಿಯಲ್ಲಿ ಕವಲಿನ ಡಬ್ಬಿ, ಅಲ್ಲಿಂದ ಎರಡಕ್ಕೂ ಬೇರೆ ಬೇರೆ ಫ್ಯೂಸು, ಬೇರೆ ಬೇರೆ ತಂತಿ. ಹಾಡು ಹಾಕಿದೆ. ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಗೆದ್ದೆ!

ಭಾನುವಾರ ಆದಿವಾಲದಲ್ಲಿ ಕಾರು ನಿಲ್ಲುವ ಮೊದಲೇ ಜನ ಸೇರಿದರು. ಡಿಕ್ಕಿ ತೆರೆದು ನೋಡಿದ ಮಾರುತೇಶ್ ಬಾಯಿ ಬಿಟ್ಟ.

“ಅಣ್ಣಾ, ಯಾರ ಕೈಲಿ ಮಾಡಿಸಿದ್ರಿ?”

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಮುನ್ನುಗ್ಗಿದೆ. “ನಾನೇ! ಪೂರಾ ನಾನೇ! ಯಾರೂ ಒಂದಕ್ಷರ ಹೇಳಿಕೊಟ್ಟಿಲ್ಲ.”

“ಹೌದಪ್ಪ,” ಎಂದರು ಅತ್ತೆ ಮೆಲ್ಲಗೆ ನಕ್ಕು. “ಎಲ್ಲಾ ಅವರೇ ಮಾಡಿದ್ದು. ಅವರಿಗೆ ಯಾರ ಸಹಾಯಾನೂ ಬ್ಯಾಡ.”

ಮಾರುತೇಶ್ ನನ್ನ ಕೈ ಹಿಡಿದುಕೊಂಡ. “ದೇವ್ರು ಬಂದಂಗೆ ಬಂದ್ರಿ ಅಣ್ಣಾ! ನಂದೊಂದು ಸಾಲಲ್ಲ ಅಂತ ಮೂರು ತಂದಿಟ್ಟಿದೀನಿ. ಹಾಕೋನು ಕೈ ಕೊಟ್ಟ. ಇವತ್ತೇ ಮುಗಿಸಿಬಿಡ್ರಿ. ಊಟ ಆಮೇಲೆ ಮಾಡಿದ್ರಾತು.”

ಮೂರು!

ಮೂರನೆಯ ಪಂಕ್ತಿ ಏಳುವ ಹೊತ್ತಿಗೂ ನಾನು ರೇಷ್ಮೆ ಪಂಚೆಯಲ್ಲಿ ಷಡ್ಡಕನ ಕಾರಿನ ಹಿಂದಿನ ಸೀಟಿನಡಿ ಬೋರಲು ಬಿದ್ದಿದ್ದೆ. ಕಾರಿನ ಬಾಗಿಲ ಬಳಿಯೇ ಕುರ್ಚಿ ಹಾಕಿಸಿಕೊಂಡು ಅತ್ತೆ ಹೋಳಿಗೆ ತಿನ್ನುತ್ತಿದ್ದರು. ಸುತ್ತ ಯಾರೂ ಇಲ್ಲದ್ದು ನೋಡಿ ತಲೆ ಹೊರಗೆ ಹಾಕಿದೆ.

“ಅತ್ತೇ… ಮೂರು ಹೊಲ ಇದ್ರೆ ಲೈನು ಎಷ್ಟು ದಪ್ಪ ಇರಬೇಕು?”

“ಅಯ್ಯೋ, ಅದು ಕರೆಂಟಲ್ವೇನಪ್ಪಾ? ನಾನು ಓದಿದೋಳಲ್ಲ,” ಎಂದು ಅತ್ತೆ ಇನ್ನೊಂದು ಹೋಳಿಗೆಗೆ ತುಪ್ಪ ಸುರಿದುಕೊಂಡರು.