ಹಿತ್ತಲಿನಲ್ಲಿ ಅಂತರಿಕ್ಷ ಕಕ್ಕಸು

"ಒಂದು ತೊಟ್ಟು ನೀರು ಮುಟ್ಟದೆ ನಲವತ್ತು ಜನರ ಒಂದು, ಎರಡು ಎಲ್ಲಾ ಮುಗಿಸಿಕೊಡ್ತೀನಿ. ಇಲ್ದಿದ್ರೆ ನನ್ನ ಹೆಸರು ನೆವಿಲ್ ಡಾಸನ್ ಅಲ್ಲ!"

ನೆವಿಲ್ ತನ್ನ ಹೆಸರನ್ನು ಹೀಗೆ ಪಣಕ್ಕಿಟ್ಟದ್ದು ಇದೇ ಮೊದಲೇನಲ್ಲ. ಬಟ್ಟೆ ಒಗೆಯುವ ಯಂತ್ರದಲ್ಲಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತೇನೆಂದು ಹೊರಟಾಗಲೂ ಇಟ್ಟಿದ್ದ. ನಾಯಿ ತಾನೇ ತೆರೆದುಕೊಂಡು ಬರುವಂಥ ಬಾಗಿಲು ಮಾಡಿ, ಬೀದಿಯ ನಾಯಿಗಳೆಲ್ಲ ಅಡುಗೆಮನೆಯಲ್ಲಿ ಬಂದು ಕೂತ ದಿನವೂ ಇಟ್ಟಿದ್ದ. ಆ ಲೆಕ್ಕಕ್ಕೆ ಅವನು ಇಷ್ಟು ಹೊತ್ತಿಗೆ ಹೆಸರೇ ಇಲ್ಲದ ಮನುಷ್ಯನಾಗಿರಬೇಕಿತ್ತು. ಆದರೆ ಕುರಿ ಸಾಕುವ ಬಿಂಡಾವೇಲ್ ಎಂಬ ಊರಿನಲ್ಲಿ ನಲವತ್ತು ವರ್ಷ ಕುರಿಯುಣ್ಣೆ ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡಿದವನಿಗೆ ತನ್ನ ಕೈಗಳ ಮೇಲಿನ ನಂಬಿಕೆ ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ನಿವೃತ್ತನಾದ ಮೇಲಂತೂ ಆ ಕೈಗಳು ಸುಮ್ಮನೆ ಕೂರಲೊಲ್ಲವು.

ಈ ಸಲದ ಪಣಕ್ಕೆ ಕಾರಣ ಹೆಂಡತಿ ಗ್ಲೆನಿಸಳ ಗುಲಾಬಿ. ಶನಿವಾರ ತೋಟಗಳ ಸ್ಪರ್ಧೆಯ ಕೊನೆಯ ದಿನ. ಮೂರು ವರ್ಷದಿಂದ ಗ್ಲೆನಿಸಳಿಗೆ ಎರಡನೇ ಬಹುಮಾನ. ಮೊದಲನೆಯವರಿಗೆ ನೀಲಿ ರಿಬ್ಬನ್, ಎರಡನೆಯವರಿಗೆ ಒಂದು ಟವೆಲ್. ಆ ಮನೆಯಲ್ಲಿ ಈಗ ಮೂರು ಟವೆಲ್‌ಗಳಿವೆ, ಅವುಗಳಲ್ಲಿ ಯಾರೂ ಮೈ ಒರೆಸುವಂತಿಲ್ಲ. ಈ ವರ್ಷ ತೀರ್ಪುಗಾರ್ತಿ ಮಿಸೆಸ್ ಪೆಂಬರ್ಟನ್ ಬೇರೆ ತೋಟಗಳನ್ನೆಲ್ಲ ಮೊದಲೇ ನೋಡಿ ಕೊನೆಗೆ ಇವರ ಮನೆಗೇ ಟೀಗೆ ಬರುತ್ತಾರೆ, ಜೊತೆಗೆ ಮಹಿಳಾ ಸಂಘದ ಸದಸ್ಯೆಯರು, ಅವರ ಗಂಡಂದಿರು, ಒಟ್ಟು ನಲವತ್ತು ತಲೆ. ಅಷ್ಟೂ ಜನಕ್ಕೆ ಟೀ, ಕೇಕು.

ತೊಂದರೆ ಇದ್ದದ್ದು ನೀರಿನದು. ಎಂಟು ತಿಂಗಳಿಂದ ಮಳೆ ಮುಖ ತೋರಿಸಿರಲಿಲ್ಲ. ಸೂರಿನಿಂದ ತಗಡಿನ ಟ್ಯಾಂಕಿಗೆ ಇಳಿದದ್ದೇ ಮನೆಗೂ ನೀರು, ಗುಲಾಬಿಗೂ ನೀರು. ಗ್ಲೆನಿಸ್ ಬುಧವಾರ ಗಂಡನನ್ನು ಟ್ಯಾಂಕಿನ ಮುಂದೆ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಬೆರಳ ಗೆಣ್ಣಿನಿಂದ ಬಡಿಯುತ್ತ ಬಂದಳು.

"ಕೇಳಿಸ್ತಾ?"

"ಟಣ್ ಅಂತು."

"ಎಲ್ಲೀವರೆಗೆ ಟಣ್ ಅಂತು?"

"ನಿನ್ನ ಮೊಣಕಾಲಿನವರೆಗೆ."

"ಹಾಗಾದ್ರೆ ನೀರಿರೋದು ಮೊಣಕಾಲಿಂದ ಕೆಳಗೆ. ಶನಿವಾರ ನಲವತ್ತು ಜನ ಟೀ ಕುಡೀತಾರೆ. ಕುಡಿದವರು ಸುಮ್ನಿರ್ತಾರಾ? ಒಬ್ಬೊಬ್ಬರು ಒಂದೊಂದು ಸಲ ಹೋಗಿ ಬಂದ್ರೂ ಸಲಕ್ಕೆ ಒಂಬತ್ತು ಲೀಟರ್. ಮಳೆ ಬರೋವರೆಗೆ ನನ್ನ ಗಿಡ ಏನು ಕುಡೀಬೇಕು, ನಿನ್ನ ಬಿಯರಾ?"

"ಹಿತ್ತಲಿನ ಹಳೇ ಗುಂಡಿ ಕಕ್ಕಸಿದೆಯಲ್ಲ, ಅಲ್ಲಿಗೆ ಕಳಿಸೋಣ."

"ಮಿಸೆಸ್ ಪೆಂಬರ್ಟನ್‌ನಾ? ಆ ನಾತಕ್ಕೆ ಮೂಗು ಮುಚ್ಕೊಂಡು ಬಂದವರಿಗೆ ಗುಲಾಬಿ ಪರಿಮಳ ಗೊತ್ತಾಗುತ್ತಾ?"

ನೆವಿಲ್‌ನ ತಲೆಯೊಳಗೆ ದೀಪ ಹತ್ತಿದ್ದು ಆಗಲೇ. ಅಡಿಲೇಡಿನಲ್ಲಿ ಅಂತರಿಕ್ಷ ವಿಜ್ಞಾನ ಓದುತ್ತಿದ್ದ ಮೊಮ್ಮಗಳು ಟೆಸ್ಸಾ ಹಿಂದಿನ ವಾರ ಒಂದು ವಿಡಿಯೋ ಕಳಿಸಿದ್ದಳು. ಗಗನಯಾತ್ರಿಗಳು ಬಾಹ್ಯಾಕಾಶದಲ್ಲಿ ಹೇಗೆ ಬಹಿರ್ದೆಸೆಗೆ ಹೋಗುತ್ತಾರೆ ಎಂಬುದೇ ಅದರ ವಿಷಯ. ನೆವಿಲ್ ಅದನ್ನು ಏಳು ಸಲ ನೋಡಿದ್ದ. ಮದುವೆಯ ಫೋಟೋಗಳನ್ನು ಅವನು ಅಷ್ಟು ಸಲ ನೋಡಿಲ್ಲ ಎಂಬುದು ಗ್ಲೆನಿಸಳ ದೂರು.

"ಅಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ ಗ್ಲೆನ್! ಬಿಟ್ಟಿದ್ದು ಬಿಟ್ಟಲ್ಲೇ ತೇಲುತ್ತೆ!" ಅಂದು ರಾತ್ರಿಯ ಊಟಕ್ಕೆ ಕೂತು ಅವನು ವಿವರಿಸಿದ.

"ಸಾಸೇಜ್ ತಿನ್ನುವಾಗ್ಲೇ ಹೇಳಬೇಕಾ?"

"ಅದಕ್ಕೇ ಗಾಳಿಯಿಂದ ಎಳ್ಕೊಳ್ತಾರೆ. ನೀರು ಬೇಡ, ನಾತ ಇಲ್ಲ. ಶುರುವಿಗೆ ಅಭ್ಯಾಸ ಮಾಡಿಸುವಾಗ ಸೀಟಿನ ಕೆಳಗೆ ಕ್ಯಾಮೆರಾ ಇಡ್ತಾರಂತೆ, ಗುರಿ ತಪ್ಪದಿರಲಿ ಅಂತ."

"ನೆವ್, ನೀನು ಅಲ್ಲಿ ಕ್ಯಾಮೆರಾ ಇಟ್ಟು ನೋಡು. ರಾಕೆಟ್ ಇಲ್ದೇನೇ ನಿನ್ನ ಅಂತರಿಕ್ಷಕ್ಕೆ ಕಳಿಸ್ತೀನಿ."

ಕ್ಯಾಮೆರಾ ಕೈಬಿಟ್ಟ. ಮಿಕ್ಕಿದ್ದನ್ನೆಲ್ಲ ಮಾಡಿದ. ಉಣ್ಣೆ ಶೆಡ್ಡಿನಲ್ಲಿ ದೂಳು ಎಳೆಯಲು ಬಳಸುತ್ತಿದ್ದ ಭಾರಿ ಫ್ಯಾನು ತಂದು ಹಳೇ ಕಕ್ಕಸಿನ ಸೀಟಿನ ಕೆಳಗೆ ಕೂರಿಸಿದ. ಲಾರಿಯ ಬ್ಯಾಟರಿ ಜೋಡಿಸಿದ. ನಾತ ಮೇಲೆ ಹೋಗಲಿ ಎಂದು ಸೂರಿನಿಂದಾಚೆಗೆ ಎರಡಾಳೆತ್ತರದ ಕೊಳವೆ ನಿಲ್ಲಿಸಿದ. ಸೀಟಿನ ಸುತ್ತ ಗಾಳಿ ಸೋರದಂತೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು ಬಿಗಿದ. ಬಡಿದರೂ ಬಿಚ್ಚಿಕೊಳ್ಳದಂತೆ ಹದಿನೆಂಟು ಸ್ಕ್ರೂ ಹಾಕಿದ, ಒಂಬತ್ತು ಸಾಕಿತ್ತು. ಕೊನೆಗೆ ತನ್ನ ಜಾಣತನಕ್ಕೆ ಕಲಶವಿಟ್ಟಂತೆ ಹಳೇ ಫ್ರಿಜ್ಜಿನ ಬಾಗಿಲ ಸ್ವಿಚ್ಚನ್ನು ತಂದು ಸೀಟಿನ ಕೀಲಿಗೆ ಜೋಡಿಸಿದ. ಕೂತರೆ ಫ್ಯಾನು ತಾನೇ ಶುರು, ಎದ್ದರೆ ತಾನೇ ಬಂದ್!

ಶುಕ್ರವಾರ ತಾನೇ ಕೂತು ಪರೀಕ್ಷೆ ಮಾಡಿದ. ಕೂತ, ಭೊರ್ರೆಂದಿತು. ಎದ್ದ, ನಿಂತಿತು. ಹತ್ತು ಸಲ ಕೂತೆದ್ದ. ಆದರೆ ನೆವಿಲ್‌ನದು ಒಣಗಿಸಿದ ನುಗ್ಗೆಕಾಯಿಯಂಥ ಮೈ. ಅವನು ಕೂತಾಗ ನಾಲ್ಕು ಕಡೆಯಿಂದಲೂ ಗಾಳಿ ನುಗ್ಗುತ್ತಿತ್ತು. ಇದನ್ನು ಅವನು ಯೋಚಿಸಲಿಲ್ಲ. ಯಶಸ್ಸು ಕಂಡವನು ತನ್ನ ಕುಂಡಿಯ ಸುತ್ತಳತೆಯ ಬಗ್ಗೆ ಯಾಕೆ ಯೋಚಿಸುತ್ತಾನೆ?

ಶನಿವಾರ ಬೆಳಿಗ್ಗೆ ಹತ್ತಕ್ಕೆ ಜನ ನೆರೆದರು. ಮಿಸೆಸ್ ಪೆಂಬರ್ಟನ್ ಬಿಳಿ ಹ್ಯಾಟು ಧರಿಸಿ, ಕಾರಿನಿಂದ ಎರಡು ಕಂತಿನಲ್ಲಿ ಇಳಿದರು. ತುಂಬು ಮೈಯ ಹೆಂಗಸು, ನಕ್ಕರೆ ವರಾಂಡದ ಹಲಗೆಯೂ ನಗುತ್ತಿತ್ತು. ಮೂರು ತಾಸು ಪ್ರಯಾಣ ಮಾಡಿ ಬಂದವರು. ಮೊದಲ ಬಟ್ಟಲು ಟೀ ಮುಗಿಸಿ, ಗ್ಲೆನಿಸಳ ಕಿವಿಯ ಹತ್ತಿರ ಬಗ್ಗಿದರು. "ತೋಟ ನೋಡೋಕ್ ಮುಂಚೆ, ಸ್ವಲ್ಪ..."

ಗ್ಲೆನಿಸ್ ಬಾಯಿ ತೆರೆಯುವಷ್ಟರಲ್ಲಿ ನೆವಿಲ್ ಮುಂದೆ ಬಂದಿದ್ದ. "ಬನ್ನಿ ಮೇಡಂ! ನಮ್ಮ ಜಿಲ್ಲೆಯ ಮೊದಲನೇ ಅಂತರಿಕ್ಷ ಕಕ್ಕಸು. ಉದ್ಘಾಟನೆ ನಿಮ್ಮಿಂದಲೇ ಆಗ್ಲಿ!"

ನಮ್ಮ ಕಡೆ ಹಿತ್ತಲ ಕಕ್ಕಸಿಗೆ ಚಿಲಕ ಇಡುವ ಪದ್ಧತಿಯಿಲ್ಲ. ಬಾಗಿಲು ಮನೆಗೆ ಬೆನ್ನು ಮಾಡಿ ಬಯಲಿನ ಕಡೆ ಇರುತ್ತದೆ, ಗಾಳಿಗಾಗಿ ಅದನ್ನು ತೆರೆದೇ ಕೂರುತ್ತಾರೆ. ಒಳಗೆ ಜನ ಇದ್ದಾರೆಂದು ಗೊತ್ತಾಗಲು ಹಾಡಬೇಕು, ಇಲ್ಲವೇ ಸಿಳ್ಳೆ ಹಾಕಬೇಕು. ಹಾಡು ಕೇಳಿಸಿತೆಂದರೆ ಮರ್ಯಾದಸ್ಥರು ಇಪ್ಪತ್ತು ಹೆಜ್ಜೆ ದೂರ. ಮಿಸೆಸ್ ಪೆಂಬರ್ಟನ್ ಹುಟ್ಟಿ ಬೆಳೆದದ್ದು ಇಂಥದೇ ಊರಿನಲ್ಲಿ. ಒಳಗೆ ಹೋದ ಅರ್ಧ ನಿಮಿಷಕ್ಕೇ ಚರ್ಚಿನ ಪ್ರಾರ್ಥನೆಯೊಂದನ್ನು ಎತ್ತಿಕೊಂಡರು. ಫ್ಯಾನು ಶ್ರುತಿ ಹಿಡಿಯಿತು. ಪ್ರಾರ್ಥನೆ ಎರಡು ಚರಣ ನೆಟ್ಟಗೆ ಸಾಗಿ, ಮೂರನೆಯದರಲ್ಲಿ ದನಿ ಇದ್ದಕ್ಕಿದ್ದಂತೆ ಮೇಲಕ್ಕೇರಿತು.

"ಅಬ್ಬಾ, ಏನು ಕಂಠ ಮಾರಾಯಾ!" ಎಂದ ಪಕ್ಕದ ಮನೆಯ ಡೆಸ್, ಟೀ ಬಟ್ಟಲು ಹಿಡಿದು. "ಮೇಲಿನ ಸ್ಥಾಯಿಗೆ ಹೋದ್ರು ನೋಡು."

"ನನ್ನ ಫ್ಯಾನಿನ ನಾದ ಹಾಗಿದೆ. ಕೂತವರಿಗೆ ತಾನೇ ಹಾಡು ಬರುತ್ತೆ," ಎಂದ ನೆವಿಲ್.

ಸದಸ್ಯೆಯರಲ್ಲಿ ಇಬ್ಬರು ಹಿತ್ತಲಿನ ಕಡೆ ಹೋದವರು, ಹಾಡು ಕೇಳಿ, ನಾಲಿಗೆ ಕಚ್ಚಿಕೊಂಡು ಹಿಂದಿರುಗಿ ಮನೆಯೊಳಗಿನ ಕಕ್ಕಸಿಗೇ ನಡೆದರು. ಒಳಗೆ ನೀರು ಭರ್ರೆಂದಿತು. ಗ್ಲೆನಿಸ್ ಕೇಕಿನ ತಟ್ಟೆ ಕೆಳಗಿಟ್ಟು ಟ್ಯಾಂಕಿನ ಕಡೆ ನೋಡಿದಳು.

ನೆವಿಲ್‌ಗೆ ಅದು ಕೇಳಿಸಲಿಲ್ಲ. ಅವನ ಉಪನ್ಯಾಸ ಸುರುವಾಗಿತ್ತು. ಸಿಕ್ಕವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಅಂತರಿಕ್ಷದಲ್ಲಿ ಕಾಲಿಗೆ ಪಟ್ಟಿ ಬಿಗಿದು ಕೂರುವುದು, ಒಂದಕ್ಕೊಂದು ಕೊಳವೆ, ಎರಡಕ್ಕೊಂದು ಡಬ್ಬಿ, ಎಲ್ಲವನ್ನೂ ಕೈಯಲ್ಲಿ ಅಭಿನಯಿಸಿ ತೋರಿಸಿದ. "ಅಲ್ಲಿ ಒಂದು ಹನೀನೂ ಚೆಲ್ಲಲ್ಲ! ಮೂತ್ರಾನೇ ಶುದ್ಧ ಮಾಡಿ ವಾಪಸ್ ಕುಡೀತಾರೆ. ಇವತ್ತಿನ ಟೀನೇ ನಾಳಿನ ಟೀ!"

ಡೆಸ್ ಬಟ್ಟಲನ್ನು ತುಟಿಯಿಂದ ಕೆಳಗಿಳಿಸಿದ. "ನೆವ್, ಈ ಟೀ ನೀರು ಎಲ್ಲಿಂದ?"

"ಟ್ಯಾಂಕಿಂದ ಕಣೋ!"

"ಟ್ಯಾಂಕಿಗೆ ಎಲ್ಲಿಂದ? ಎಂಟು ತಿಂಗಳಿಂದ ಮಳೆ ಇಲ್ಲ."

ಒಂದಾದ ಮೇಲೊಂದು ಬಟ್ಟಲುಗಳು ಮೇಜಿಗಿಳಿದವು. ಆಗಲೇ ಎರಡು ಬಟ್ಟಲು ಕುಡಿದಿದ್ದವರು ಒಳಗಿನ ಕಕ್ಕಸಿನತ್ತ ಓಡಿದರು. ಭರ್! ಭರ್! ಗ್ಲೆನಿಸ್ ಒಂದೊಂದು ಸದ್ದಿಗೂ ಒಂದೊಂದು ಗಿಡ ಸತ್ತಂತೆ ಕಣ್ಣು ಮುಚ್ಚಿಕೊಂಡಳು. ಹನ್ನೊಂದನೆಯ ಭರ್‌ಗೆ ಅವಳ ತಾಳ್ಮೆ ತೀರಿತು.

"ನೆವ್, ಆಯಮ್ಮ ಹೋಗಿ ಅರ್ಧ ಗಂಟೆ ಮೇಲಾಯ್ತು."

"ಹಾಡ್ತಾ ಇದ್ದಾರಲ್ಲ?"

"ಅರ್ಧ ಗಂಟೆ ಹಾಡೋಕೆ ಅದೇನು ಸಂಗೀತ ಕಚೇರಿನಾ? ಅವರು ಎದ್ದು ಬರದೆ ಇನ್ನೊಬ್ಬರು ಅಲ್ಲಿಗೆ ಹೋಗಲ್ಲ. ಇನ್ನೊಬ್ಬರು ಹೋಗದೆ ನನ್ನ ನೀರು ಉಳಿಯಲ್ಲ!"

ಹೀಗೆಂದು, ಬಿಂಡಾವೇಲಿನಲ್ಲಿ ಇದುವರೆಗೆ ಯಾವ ಮರ್ಯಾದಸ್ಥೆಯೂ ಮಾಡದ ಕೆಲಸವನ್ನು ಅವಳು ಮಾಡಿದಳು. ಹಾಡು ಬರುತ್ತಿದ್ದ ಕಕ್ಕಸಿನ ಹತ್ತಿರಕ್ಕೇ ಹೋದಳು. ಹಿಂದೆ ನೆವಿಲ್, ಇಪ್ಪತ್ತು ಹೆಜ್ಜೆ ದೂರದಲ್ಲಿ ನಲವತ್ತು ಜನರ ಆತಂಕ. ಹತ್ತಿರ ಹೋದಂತೆ ಫ್ಯಾನಿನ ಭೋರ್ಗರೆತದ ನಡುವೆ ಪ್ರಾರ್ಥನೆಯ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವು.

"ಯಾರಾದ್ರೂ ಬನ್ರೀ! ಅಯ್ಯೋ, ಇದು ನನ್ನ ಬಿಡ್ತಿಲ್ಲ!"

ನೆವಿಲ್ ಓಡಿ ಬಂದ. ಗೋಡೆಯ ಈಚೆ ನಿಂತು ಕೂಗಿದ. "ಮೇಡಂ, ಗಾಬರಿ ಬೇಡ! ಎದ್ದು ಬಿಡಿ, ತಾನೇ ನಿಲ್ಲುತ್ತೆ!"

"ಅದು ನಿಲ್ಲದೆ ನಾನು ಹೇಗಯ್ಯಾ ಏಳಲಿ?"

"ನೀವು ಏಳದೆ ಅದು ಹೇಗೆ ನಿಲ್ಲುತ್ತೆ ಮೇಡಂ?"

ಹೇಳಿದ ಮೇಲೆಯೇ ಅವನಿಗೆ ತನ್ನ ಮಾತು ತಿಳಿದದ್ದು. ಎದ್ದರೆ ನಿಲ್ಲುವ ಯಂತ್ರ, ನಿಂತರೆ ಏಳಬಲ್ಲ ಹೆಂಗಸು. ನುಗ್ಗೆಕಾಯಿ ಮೈಗೆ ಸೋರುತ್ತಿದ್ದ ಗಾಳಿ ಮಿಸೆಸ್ ಪೆಂಬರ್ಟನ್‌ಗೆ ಒಂದಿಷ್ಟೂ ಸೋರಿರಲಿಲ್ಲ. ಟ್ರ್ಯಾಕ್ಟರಿನ ರಬ್ಬರು ತನ್ನ ಧರ್ಮ ಬಿಟ್ಟಿರಲಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಯಿತು.

"ಬ್ಯಾಟರಿ ಕಿತ್ತು ಹಾಕು!" ಎಂದಳು ಗ್ಲೆನಿಸ್.

"ಅದು ಸೀಟಿನ ಕೆಳಗಿದೆ."

"ಸೀಟು ಬಿಚ್ಚು!"

"ಹದಿನೆಂಟು ಸ್ಕ್ರೂ. ಹನ್ನೆರಡು ಅವರ ಕೆಳಗಿವೆ."

"ಬ್ಯಾಟರಿ ಎಷ್ಟು ಹೊತ್ತು ಓಡುತ್ತೆ?"

ನೆವಿಲ್ ನೆಲ ನೋಡಿದ. ಗುರುವಾರವಿಡೀ ಇದನ್ನೇ ಜಂಭದಿಂದ ಹೇಳಿಕೊಂಡು ತಿರುಗಿದ್ದ. "ನಾಳೆ ಸಂಜೆವರೆಗೆ."

ಗ್ಲೆನಿಸ್ ಒಂದು ಸಲ ಕಕ್ಕಸಿನ ಬಾಗಿಲಿನೆದುರಿಗಿದ್ದ ಗುಲಾಬಿಗಳ ಕಡೆ ನೋಡಿ, ತುಟಿ ಬಿಗಿದು ವರಾಂಡಕ್ಕೆ ಹೋದಳು. ನೆವಿಲ್ ಅವಳು ನೋಡಿದ ಕಡೆಗೇ ನೋಡಿದ. ನಲವತ್ಮೂರು ಡಿಗ್ರಿ ಬಿಸಿಲಲ್ಲಿ ಬಕೆಟ್ ಹೊತ್ತು ಸಾಕಿದ ಗಿಡಗಳವು. ಈ ಸಲ ಟವೆಲ್ ಕೂಡ ಸಿಗುವುದಿಲ್ಲ.

ಅವಳು ಹಿಂದಿರುಗಿದಾಗ ಕೈಯಲ್ಲಿ ಕೇಕು ಎತ್ತುವ ಚಪ್ಪಟೆ ಸೌಟಿತ್ತು.

"ಅದರಿಂದ ಸ್ಕ್ರೂ ಬಿಚ್ಚೋಕಾಗಲ್ಲ," ಎಂದ ನೆವಿಲ್.

"ನೀನು ಆ ಕಡೆ ತಿರುಗು."

ಒಳಗೆ ಹೋದಳು. "ಕ್ಷಮಿಸಿ ಮಿಸೆಸ್ ಪೆಂಬರ್ಟನ್, ಸ್ವಲ್ಪ ತಣ್ಣಗಿರುತ್ತೆ" ಎಂದದ್ದು ಕೇಳಿಸಿತು. ಕಾವಲಿಗೆ ಕಚ್ಚಿದ ದೋಸೆಯ ಅಂಚಿಗೆ ಸೌಟು ತೂರಿಸುವಂತೆ ಮೈಗೂ ರಬ್ಬರಿಗೂ ನಡುವೆ ಅದನ್ನು ತೂರಿಸಿದಳು. ಫುಸ್ಸ್! ಗಾಳಿ ನುಗ್ಗಿತು. ಮಿಸೆಸ್ ಪೆಂಬರ್ಟನ್ ಎದ್ದರು. ಅವರು ಎದ್ದ ಮರುಕ್ಷಣ ಫ್ಯಾನು ಬಂದ್ ಆಯಿತು, ನೆವಿಲ್ ಹೇಳಿದ್ದ ಹಾಗೆಯೇ! ಅದನ್ನು ಎತ್ತಿ ತೋರಿಸಬೇಕೆಂದು ಅವನಿಗೆ ಅನಿಸಿತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ಅಡಗಿಸಿಟ್ಟುಕೊಂಡಿದ್ದ ನಗು ನಲವತ್ತು ಗಂಟಲುಗಳಲ್ಲಿ ಕುದಿಯುತ್ತಿತ್ತು. ಮಿಸೆಸ್ ಪೆಂಬರ್ಟನ್ ಹ್ಯಾಟು ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ, ಪೆನ್ಸಿಲ್ ತೆಗೆದು ಮನೆಯ ಮುಂದಿನ ತೋಟವನ್ನು ಒಂದು ಸುತ್ತು ಬಂದರು. ಗ್ಲೆನಿಸ್ ಕುರ್ಚಿ ತಂದಿಟ್ಟಳು.

"ಬೇಡಮ್ಮ. ಕೂತದ್ದು ಸಾಕು," ಎಂದರು.

ನಿಂತೇ ಬರೆದರು. ಲಕೋಟೆಯೊಂದನ್ನು ಗ್ಲೆನಿಸಳ ಕೈಗಿತ್ತು, ಕಾರಿನ ಸೀಟನ್ನು ಎರಡು ಸಲ ಅಂಗೈಯಿಂದ ಒತ್ತಿ ನೋಡಿ, ಆಮೇಲೆ ಹತ್ತಿ ಹೊರಟುಹೋದರು. ಅವರ ದೂಳು ಅಡಗಿತು. ಗ್ಲೆನಿಸ್ ಲಕೋಟೆ ಒಡೆದಳು. ಒಳಗಿಂದ ನೀಲಿ ರಿಬ್ಬನ್ ಜಾರಿ ಅವಳ ಪಾದದ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ, ಕಣ್ಣಲ್ಲಿ ನೀರು ತುಂಬಿ ಅದು ಕಾಣಿಸಲೇ ಇಲ್ಲ. ಡೆಸ್ ಲಕೋಟೆಯೊಳಗಿದ್ದ ಚೀಟಿಯನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದ.

"'ಸಾಮಾನ್ಯವಾಗಿ ನಾನು ಒಂದು ತೋಟಕ್ಕೆ ಕೊಡುವುದು ಹತ್ತು ನಿಮಿಷ. ಈ ತೋಟದ ಹಿಂಬದಿಯ ಸಾಲನ್ನು ತೆರೆದ ಬಾಗಿಲಿನಿಂದ ಮೂವತ್ತೈದು ನಿಮಿಷ ಅಲುಗಾಡದೆ ನೋಡುವ ಅವಕಾಶ ಸಿಕ್ಕಿತು. ಎಂಟು ತಿಂಗಳು ಮಳೆಯಿಲ್ಲದೆಯೂ ಇಷ್ಟು ಚೆಂದ ಅರಳಿದ ಗುಲಾಬಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವು ಇಲ್ಲದಿದ್ದರೆ ಆ ಮೂವತ್ತೈದು ನಿಮಿಷದಲ್ಲಿ ನನಗೆ ಹುಚ್ಚು ಹಿಡಿಯುತ್ತಿತ್ತು.'"

ಸದಸ್ಯೆಯರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನೆವಿಲ್.

"ನೋಡಿದ್ಯಾ ಗ್ಲೆನ್? ಮೂರು ವರ್ಷ ಯಾರಾದ್ರೂ ಆ ಹಿಂದಿನ ಸಾಲು ನೋಡಿದ್ರಾ? ನೋಡೋಕೆ ಕೂರಿಸಿದವರು ಯಾರು? ಹಿಡಿದು ಕೂರಿಸಿದ್ದು ಯಾರ ಯಂತ್ರ? ಅರ್ಧ ರಿಬ್ಬನ್ ನಂದು!"

"ಇನ್ನೂ ಒಂದು ಸಾಲಿದೆ," ಎಂದ ಡೆಸ್. "'ಸಲಹೆ: ತೋಟದ ಅಂದ ಕೆಡಿಸುವ ಆ ಆಸನವನ್ನೂ, ಅದನ್ನು ತಯಾರಿಸಿದವರನ್ನೂ ಆದಷ್ಟು ಬೇಗ ಅಲ್ಲಿಂದ ತೆರವು ಮಾಡುವುದು.'"

ಚಪ್ಪಾಳೆ ಇಮ್ಮಡಿಯಾಯಿತು. ನೆವಿಲ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಕ್ಕಸಿನತ್ತ ತಿರುಗಿದ. "ಆಯ್ತು, ಆಯ್ತು. ಈಗಲೇ ಹೋಗಿ ಸೀಟು ಬಿಚ್ತೀನಿ."

ಗ್ಲೆನಿಸ್ ರಿಬ್ಬನ್ ಎತ್ತಿ ಎದೆಗೆ ಚುಚ್ಚಿಕೊಂಡಳು. ಕಣ್ಣೊರೆಸಿಕೊಂಡಳು. ಆಮೇಲೆ ನಡೆದು ಹೋಗಿ ಬೀದಿ ಗೇಟನ್ನು ಅಗಲವಾಗಿ ತೆರೆದು ಹಿಡಿದಳು.

"ಅವಸರ ಏನಿಲ್ಲ ನೆವ್. ಸೀಟು ನಾಳೆ ಹೋದ್ರೂ ನಡೆಯುತ್ತೆ."