ಕಾರ್ಡ್ ಹಿಡಿದ ಬೊಂಬೆ

ನಮ್ಮ ಆಫೀಸಿನಲ್ಲಿ ಕೆಲಸ ನಡೆಯದ ದಿನ ಇದ್ದೀತು, ತಮಾಷೆ ನಡೆಯದ ದಿನ ಇಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಯ ಮಹಡಿ ಮೇಲೆ ಕೂತು ನಾವೊಂದಿಷ್ಟು ಜನ ಸಾಫ್ಟ್‌ವೇರ್ ಬರೆಯುತ್ತೇವೆ. ಮ್ಯಾನೇಜರ್ ಸಾಹೇಬರು ಇರೋದು ಬೆಂಗಳೂರಲ್ಲಿ, ದರ್ಶನ ಕೊಡೋದು ವಿಡಿಯೊದಲ್ಲಿ. ಒಳ್ಳೇ ಮನುಷ್ಯ, ಆದರೆ ಮೀಟಿಂಗ್ ಅಂದ್ರೆ ಪ್ರಾಣ. ಅವರನ್ನು ಸಂಭಾಳಿಸೋದು ಕೋಡಿಹಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ನನಗಿಂತ ಚಿಕ್ಕವಳೇ, ಆದ್ರೂ ಅವಳ ಕೆಲಸ ನೋಡಿ ನಾವೆಲ್ಲ ಅಕ್ಕ ಅಂತೀವಿ.

ನಿಂತವರು

ದಿನಾ ಬೆಳಿಗ್ಗೆ ನಿಂತುಕೊಂಡೇ ಮೀಟಿಂಗ್ ಮಾಡಬೇಕು. ಕಾಲು ನೋಯುತ್ತೆ, ಬೇಗ ಮುಗಿಯುತ್ತೆ ಅನ್ನೋದು ಸಾಹೇಬರ ಲೆಕ್ಕ. ಕಾಲು ನೋಯೋದೇನೋ ನಿಜ. ಒಂದು ದಿನ ಸಾಹೇಬರು ಏನೋ ಕೇಳಿದರು, ನಾವೆಲ್ಲ ಉತ್ತರ ಗೊತ್ತಿಲ್ಲದೆ ತಲೆ ತಗ್ಗಿಸಿ ನಿಂತಿದ್ದೆವು. ಟೀ ತಂದ ಅಣ್ಣ ನಮ್ಮನ್ನು ನೋಡಿ ಫ್ಲಾಸ್ಕ್ ಕೆಳಗಿಟ್ಟ, ಚಪ್ಪಲಿ ಬಿಟ್ಟ, ಕೈಕಟ್ಟಿ ತಾನೂ ನಿಂತ. ಆಮೇಲೆ ಮೆಲ್ಲಗೆ ಕೇಳಿದ: "ಯಾರಕ್ಕ ಹೋಗ್ಬುಟ್ರು?"

"ಬೆಳಗ್ಗೆ ಹೊತ್ತು ಹೋಯ್ತು ಕಣಣ್ಣ," ಅಂದಳು ಅಕ್ಕ.

ಪಾಯಿಂಟು

ಅಕ್ಕನ ತಂಗಿಯ ಮದುವೆ ಬಂತು. ನಾಳೆ ಬೆಳಿಗ್ಗೆ ಧಾರೆ, ಇವತ್ತು ಸಾಯಂಕಾಲದ ಬಸ್ಸು ಹಿಡಿಯಲೇಬೇಕು. ಸಾಹೇಬರು, "ಬೊಂಬೆ ಆರ್ಡರ್ ಮಾಡೋ ಪೇಜ್ ಮುಗಿಸಿ ಹೊರಡಮ್ಮ," ಅಂದರು. ಶುರು ಮಾಡ್ತೀನಿ ಅಂದ್ರೆ, ಊಹೂಂ! ಅದೆಷ್ಟು ದೊಡ್ಡ ಕೆಲಸ ಅಂತ ಮೊದಲು ಎಲ್ಲರೂ ತಮ್ಮ ತಮ್ಮ ಕ್ಯಾಮೆರಾಕ್ಕೆ ನಂಬರಿನ ಕಾರ್ಡ್ ಎತ್ತಿ ತೋರಿಸಬೇಕಂತೆ. ಎಲ್ಲರದೂ ಒಂದೇ ನಂಬರ್ ಆಗೋವರೆಗೂ ಕಾರ್ಡ್ ಇಳಿಸೋ ಹಾಗಿಲ್ಲ.

"ಐದು ಅಂದ್ರೆ ಐದು ದಿನಾನಾ ಸಾರ್?" ಐದರ ಕಾರ್ಡ್ ಎತ್ತಿದ ಅಕ್ಕ ಗಾಬರಿಯಾದಳು.

"ದಿನ ಅಲ್ಲಮ್ಮ, ಪಾಯಿಂಟ್. ಕೆಲಸ ಎಷ್ಟು ದೊಡ್ಡದು ಅನ್ನೋ ಅಳತೆ."

"ಹಂಗಾದ್ರೆ ನಮ್ ತಂಗಿ ಧಾರೆ ಎಷ್ಟು ಪಾಯಿಂಟ್‌ಗೈತೆ ಅಂತ ಒಸಿ ಹೇಳ್ಬುಡಿ ಸಾರ್!"

ಒಮ್ಮತ

ಊಟ ಆದಮೇಲೆ ಶುರುವಾದ ಚರ್ಚೆ ಎಳೀತು, ಎಳೀತು. ನಾನು ಮೂರು ಅಂದೆ, ಪಕ್ಕದವನು ಎಂಟು ಅಂದ. ಅಕ್ಕನದು ಮಾತ್ರ ಐದು; ಒಂಚೂರೂ ಅಲ್ಲಾಡಲಿಲ್ಲ.

"ನೋಡ್ರಪ್ಪ," ಅಂದರು ಸಾಹೇಬರು, "ನಿರ್ಧಾರ ಅಂದ್ರೆ ಹೀಗಿರಬೇಕು!"

ನಾನು ಬಗ್ಗಿ ನೋಡಿದೆ. ಕೆಳಗಿನ ಅಂಗಡಿಯ ಬಣ್ಣದ ಬೊಂಬೆಯೊಂದು ಅವಳ ಕ್ಯಾಮೆರಾ ಮುಂದೆ, ಸಾಹೇಬರಿಗೆ ಕಾರ್ಡ್ ಮಾತ್ರ ಕಾಣೋ ಹಾಗೆ, ಅದನ್ನು ಹಿಡಿದು ನಿಂತಿತ್ತು. ಹಿಂದೆ ಅಕ್ಕ ತಲೆ ಎತ್ತದೆ ಟೈಪ್ ಮಾಡ್ತಾ ಇದ್ದಳು. ಭಲೇ ಅಕ್ಕ! ಆ ಕ್ಷಣ ಅವಳಿಗೊಂದು ನಮಸ್ಕಾರ ಹಾಕೋಣ ಅನ್ನಿಸಿತು. ಬೇಕಂತಲೇ ಇನ್ನೊಂದಿಷ್ಟು ಜಗಳ ಎಳೆದೆ.

ಕೊನೆಗೆ ಎಲ್ಲರೂ ಬೊಂಬೆಯ ದಾರಿಗೆ ಬಂದೆವು. "ಐದು ಪಾಯಿಂಟ್, ಒಪ್ಪಿಗೆ! ಇನ್ನು ಕೆಲಸ ಶುರು ಮಾಡಮ್ಮ," ಅಂದರು ಸಾಹೇಬರು.

"ಮುಗೀತು ಸಾರ್, ನೋಡಿ."

ಸಾಹೇಬರು ಪೇಜ್ ತೆರೆದರು. ಒತ್ತಿದ ಕಡೆಯೆಲ್ಲ ಸರಿಯಾಗಿ ಓಡಿತು. "ಸರಿ, ಹೊರಡಮ್ಮ. ಅಲ್ಲಾ, ಇದನ್ನ ಯಾವಾಗ ಮಾಡಿದೆ?"

ಅಕ್ಕ ಬ್ಯಾಗು ಹೆಗಲಿಗೇರಿಸಿದಳು. "ಮೀಟಿಂಗ್‌ನಲ್ಲೇ ಸಾರ್. ಪುಣ್ಯಕ್ಕೆ ನೀವು ಎಳೆದ್ರಿ. ಒಸಿ ಬೇಗ ಮುಗ್ಸಿದ್ರೆ ಕೆಲ್ಸ ಅರ್ಧಕ್ಕೇ ನಿಂತೋಗ್ಬುಡೋದು!"